ಹುಲಿಯಿಲ್ಲದ ಸರ್ಕಸ್

ನಾನು ಸರ್ಕಸ್ ಮಾಡುವವಳು ಎಂದರೆ ಶಿಕಾರಿಪುರದಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಸಂಸಾರ ಅಂದಮೇಲೆ ಎಲ್ಲರೂ ಮಾಡುವುದು ಅದನ್ನೇ ಅಲ್ಲವೇ ಎಂದು ನಕ್ಕು ಸುಮ್ಮನಾಗುತ್ತಾರೆ. "ಹಾಗಲ್ಲ, ನಿಜವಾದ ಸರ್ಕಸ್ಸು" ಎಂದು ಬಿಡಿಸಿ ಹೇಳಿದ ಮೇಲೆ ಪ್ರಸಂಗಗಳು ಶುರುವಾಗುತ್ತವೆ. ಇಷ್ಟು ವರ್ಷವಾದರೂ ಅವು ನಿಂತಿಲ್ಲ. ಹೋದ ಊರಿನಲ್ಲೆಲ್ಲ ಒಂದಾದರೂ ಆಗಿಯೇ ತೀರುತ್ತದೆ.

ನಮ್ಮದು ಮೂವರ ತಂಡ. ನಾನು ಮೇಲಿನಿಂದ ಇಳಿಬಿಟ್ಟ ಬಟ್ಟೆ ಹಿಡಿದು ಹತ್ತುತ್ತೇನೆ, ಕುರ್ಚಿಯ ಮೇಲೆ ಕುರ್ಚಿ ಜೋಡಿಸಿ ಅದರ ತುದಿಯಲ್ಲಿ ನಿಲ್ಲುತ್ತೇನೆ. ಸೊರಬದ ಕಡೆಯ ಮೇಷ್ಟ್ರೊಬ್ಬರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುತ್ತಾರೆ. ಇನ್ನೊಬ್ಬಳು ಡೊಳ್ಳು ಬಾರಿಸುವ ಹುಡುಗಿ. ಹುಲಿ ಇಲ್ಲ, ಆನೆ ಇಲ್ಲ, ಜೋಕರ್ ಕೂಡ ಇಲ್ಲ. ನಾಟಕದವರು ಮಾತಿನಲ್ಲಿ ಹೇಳುವ ಕಥೆಯನ್ನು ನಾವು ಏರಿ, ಜಾರಿ, ತೂಗಾಡಿ ಮೈಯಿಂದಲೇ ಹೇಳುತ್ತೇವೆ. ಕೇರಳಕ್ಕೆ ಹೋಗಿ ಕಲಿತು ಬಂದ ವಿದ್ಯೆ ಇದು. ಅಭ್ಯಾಸ ಮಾಡುವುದು ಪೇಟೆಯ ಹಿಂದಿರುವ, ಈಗ ನಿಂತುಹೋದ ಅಕ್ಕಿ ಗಿರಣಿಯಲ್ಲಿ.

ಅಪ್ಪಾಜಿಯ ವಿಷಯ ಮೊದಲೇ ಹೇಳಿಬಿಡಬೇಕು. ಅವರದು ಗೊಬ್ಬರ, ಬೀಜದ ಅಂಗಡಿ. ಸ್ನೇಹಿತರಿಗೆ ಹೇಳಿ ಗಿರಣಿಯ ಬೀಗದ ಕೈ ಕೊಡಿಸಿದವರೂ ಅವರೇ. ಆದರೆ ಅದರೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಪ್ರದರ್ಶನಕ್ಕೆ ಕರೆದಾಗಲೆಲ್ಲ "ಇವತ್ತು ಲೋಡ್ ಬರೋದೈತಿ" ಎನ್ನುತ್ತಿದ್ದರು. ಅವ್ವ ಎಷ್ಟೋ ಸಲ ಬಂದಿದ್ದಾಳೆ, ಆದರೆ ನಾನು ಹತ್ತಿದೊಡನೆ ಕಣ್ಣು ಮುಚ್ಚಿಕೊಂಡು ಕೂರುತ್ತಾಳೆ. ಹೀಗಾಗಿ ನನ್ನದೊಂದು ಆಸೆ ಉಳಿದೇ ಇತ್ತು. ಅಪ್ಪಾಜಿ ಒಂದು ಸಲ ಬಂದು, ಕಣ್ಣು ಬಿಟ್ಟುಕೊಂಡು, ಪೂರ್ತಿ ನೋಡಬೇಕು. ಹೊಗಳದಿದ್ದರೂ ಪರವಾಗಿಲ್ಲ.

ಪಾಪದ ಸರ್ಕಸ್ಸಿಗೆ ಒಂದು ಹೋರಿ

ಕುಬಟೂರಿನ ಹತ್ತಿರದ ಹಳ್ಳಿಯೊಂದರ ಶಾಲೆಯ ಅಂಗಳದಲ್ಲಿ ನಮ್ಮ ಆಟವಿತ್ತು. ಬೆಳಗ್ಗೆ ಕಂಬ ನಿಲ್ಲಿಸುವಾಗಲೇ ಜನ ಬಂದು ವಿಚಾರಿಸಿದರು.

"ಪ್ರಾಣಿಗಳ ಲಾರಿ ಯಾವಾಗ ಬತ್ತದೆ?"

"ಪ್ರಾಣಿ ಇಲ್ಲ ಕಣ್ರೀ, ನಾವೇ ಮೂರು ಜನ."

"ಒಂದೂ ಇಲ್ವಾ?"

"ಒಂದೂ ಇಲ್ಲ."

ಕೇಳಿದವರಿಗೆ ಸಿಟ್ಟೇನೂ ಬರಲಿಲ್ಲ. ನಮ್ಮ ಬಡತನ ಕಂಡು ಮರುಕವಾಯಿತು ಅಷ್ಟೆ. ಸುದ್ದಿ ಊರೆಲ್ಲ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಹಿರಿಯರೊಬ್ಬರು ತಮ್ಮ ಹೋರಿಯನ್ನು ಹೊಡೆದುಕೊಂಡು ಅಂಗಳಕ್ಕೇ ಬಂದರು. ಓಡುವ ಹೋರಿಯನ್ನು ಹಿಡಿಯುವ ಹಬ್ಬಕ್ಕೆ ಸಿಂಗರಿಸುವಂತೆ ಕೊಂಬಿಗೆ ಬಣ್ಣ ಬಳಿದು, ಕೊಬ್ಬರಿ ಹಾರ ಹಾಕಿ, ಬೆನ್ನ ಮೇಲೆ ಬಲೂನು ಕಟ್ಟಿದ್ದರು.

"ಪಾಪ, ನಿಮ್ಮತ್ರ ಒಂದೂ ಪ್ರಾಣಿ ಇಲ್ವಂತೆ. ಇವತ್ತೊಂದಿನ ಇವನನ್ನ ಇಟ್ಕಳಿ. ಹಬ್ಬದಾಗೆ ಇವನ್ನ ಇನ್ನೂ ಯಾರೂ ಹಿಡಿದಿಲ್ಲ."

ನಮ್ಮ ಸರ್ಕಸ್ಸಿನಲ್ಲಿ ಪ್ರಾಣಿ ಬೇಡವೇ ಬೇಡ, ಇದು ಹೆಂಗಸೊಬ್ಬಳು ಒಂಟಿಯಾಗಿ ಮನೆ ಕಟ್ಟಿಕೊಳ್ಳುವ ಕಥೆ ಎಂದು ಕೈಮುಗಿದು ವಿವರಿಸಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

"ಮಾಡಮ್ಮ, ಆ ಕಥೆ ಮಾಡು. ಬ್ಯಾಡ ಅನ್ನೋರು ಯಾರು? ಇವನು ನಡುವೆ ಒಂದು ಸಲ ಓಡಿ ಹೋಗ್ತಾನೆ. ನೀವು ಸ್ವಲ್ಪ ಪಕ್ಕಕ್ಕೆ ಸರ್ಕಂಡ್ರೆ ಆತು."

ಮೇಷ್ಟ್ರು ಹೋರಿಯ ಕೊಂಬನ್ನೇ ನೋಡುತ್ತ, "ಸರಿಯೋದು ಸ್ವಲ್ಪ ತಡ ಆದ್ರೆ?" ಎಂದರು.

"ಅದೇ ಅಲ್ವ ಸಾರ್ ಸರ್ಕಸ್ಸು?"

ಅಂತೂ ಹೋರಿಯನ್ನು ಬೇಲಿಯ ಆಚೆ ಕಟ್ಟಲು ಒಪ್ಪಿಸಿದೆವು. ಅದು ಮೆಲುಕು ಹಾಕುತ್ತ ಆಟ ಮುಗಿಯುವವರೆಗೂ ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು. ಕೊನೆಯಲ್ಲಿ ಹಿರಿಯರು ನನ್ನ ಹತ್ತಿರ ಬಂದು, "ಆಟ ಚೆನ್ನಾಗಿತ್ತಮ್ಮ. ಇವನು ಬೇರೆ ಎಲ್ಲೂ ಇಷ್ಟೊತ್ತು ನಿಂತೋನೇ ಅಲ್ಲ" ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಮಗೆ ಇನ್ನೂ ಬಂದಿಲ್ಲ.

ಊಟಕ್ಕೆ ಮುಂಚೆಯೋ ಆಮೇಲೋ

ಅಂಗಡಿಗೆ ಬಂದ ಗಿರಾಕಿಗಳು "ಮಗಳು ಏನ್ ಮಾಡ್ತಾಳ್ರೀ ಸಾವ್ಕಾರ್ರೇ?" ಎಂದು ಕೇಳಿದರೆ ಅಪ್ಪಾಜಿ ಕೊಡುತ್ತಿದ್ದ ಉತ್ತರ ಒಂದೇ. "ಯೋಗ ಕಲಿಸ್ತಾಳೆ." ಇದು ನನಗೆ ಗೊತ್ತಾದದ್ದು ಒಂದು ದಿನ ಬೆಳಗ್ಗೆ ಗಿರಣಿಗೆ ಹೋದಾಗ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಹೆಂಗಸರು ಕೂತಿದ್ದರು. ಎಲ್ಲರ ಕೈಯೂ ಸೊಂಟದ ಮೇಲೆ. ಶುಂಠಿ ಹೊಲದ ಕೆಲಸಕ್ಕೆ ಹೋಗಿ ಬಗ್ಗಿ ಬಗ್ಗಿ ನೋವು ಹಿಡಿದಿತ್ತಂತೆ.

"ಸಾವ್ಕಾರ್ರು ಹೇಳಿದ್ರವ್ವ, ನೀನು ನೋವು ಬಿಡಸ್ತೀಯಂತೆ" ಎಂದಳು ಅವರಲ್ಲಿ ಹಿರಿಯಳಾದ ಅಜ್ಜಿ.

"ಇಲ್ಲಜ್ಜಿ, ನಾನು ಮಾಡೋದು ಸರ್ಕಸ್ಸು."

"ಏನಾರ ಇರಲಿ ಬಿಡವ್ವ. ನೋವು ಹೋದ್ರ ಆತು."

ಎಷ್ಟು ಹೇಳಿದರೂ ಯಾರೂ ಏಳಲಿಲ್ಲ. ಮಾತಿಗಿಂತ ಕಣ್ಣಾರೆ ತೋರಿಸಿದರೆ ಹೆದರಿ ಎದ್ದು ಹೋಗುತ್ತಾರೆ ಎಂದುಕೊಂಡು ಎಲ್ಲರನ್ನೂ ಒಳಗೆ ಕರೆದೆ. ಬಟ್ಟೆ ಹಿಡಿದು ಮಾಡಿನ ತೊಲೆಯವರೆಗೆ ಹತ್ತಿದೆ. ಸೊಂಟಕ್ಕೆ, ಕಾಲಿಗೆ ಬಟ್ಟೆ ಸುತ್ತಿಕೊಂಡೆ. ಆಮೇಲೆ ಕೈಬಿಟ್ಟು ಉರುಳುರುಳಿ ಕೆಳಗೆ ಬಂದು, ನೆಲ ಇನ್ನೊಂದು ಮೊಳ ಇದೆ ಎನ್ನುವಾಗ ತಲೆಕೆಳಗಾಗಿ ನಿಂತೆ. ಕೇರಳದಲ್ಲಿ ಇದನ್ನು ನೋಡಿ ಕಿರುಚಿದವರಿದ್ದಾರೆ.

ಇಲ್ಲಿ ಯಾರೂ ಹೆದರಲಿಲ್ಲ. ಅಜ್ಜಿ ಮಾತ್ರ ಹತ್ತಿರ ಬಂದು, ಬಗ್ಗಲಾಗದ ಸೊಂಟವನ್ನು ಕಷ್ಟದಿಂದ ಬಗ್ಗಿಸಿ, ತಲೆಕೆಳಗಾಗಿದ್ದ ನನ್ನ ಮುಖ ನೋಡಿ ಕೇಳಿದಳು.

"ಇದನ್ನ ಊಟಕ್ಕೆ ಮುಂಚೆ ಮಾಡ್ಬೇಕೋ, ಆಮೇಲೋ?"

ಅಂದು ಮನೆಯಲ್ಲಿ ಅಪ್ಪಾಜಿಯನ್ನು ಕೇಳಿಯೇ ಬಿಟ್ಟೆ. "ಸರ್ಕಸ್ ಮಾಡ್ತಾಳೆ ಅನ್ನೋಕೆ ನಾಚಿಕೆನಾ ಅಪ್ಪಾಜಿ?"

ಅವರು ರೊಟ್ಟಿ ಮುರಿದರು. "ನಾಚಿಕಿ ಎಂಥದು? ಹಂಗಂದ್ರೆ 'ಮೇಲಿಂದ ಬಿದ್ರೆ ಏನ್ರೀ ಗತಿ' ಅಂತ ಕೇಳ್ತಾರೆ. ಅದಕ್ಕ ನನ್ ಹತ್ರ ಉತ್ರ ಇಲ್ಲ."

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಊಟ ಮುಗಿಯಿತು. ಕೈ ತೊಳೆದು ಬಂದವರು ಮೆಲ್ಲಗೆ ಕೇಳಿದರು.

"ಆ ಅಜ್ಜಿ ಸೊಂಟ ಈಗ ಹೆಂಗೈತಿ?"

ಕಳೆದುಕೊಳ್ಳಲು ಬಿಡದ ಊರು

ಮೇಷ್ಟ್ರದೊಂದು ದೃಶ್ಯವಿದೆ. ವಯಸ್ಸಾಗುತ್ತ ಆಗುತ್ತ ತನ್ನದೆಲ್ಲ ಕಳೆದುಕೊಳ್ಳುವ ಮನುಷ್ಯನ ಕಥೆ. ಗಾಳಿಯಲ್ಲಿ ಆಡುತ್ತಿರುವ ಚೆಂಡುಗಳು ಒಂದೊಂದಾಗಿ ಕೈತಪ್ಪಿ ಉರುಳಿ ಹೋಗುತ್ತವೆ. ಕೊನೆಗೆ ಒಂದೂ ಉಳಿದಿರುವುದಿಲ್ಲ, ಆದರೂ ಬರಿಗೈ ಮಾತ್ರ ಆಡುತ್ತಲೇ ಇರುತ್ತದೆ. 

ಅದನ್ನು ಸೊರಬದಲ್ಲಿ ಮಾಡಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಅವರ ಊರಿನ ಕಡೆಯವರೇ ಸಭಾಂಗಣ ತುಂಬಿದ್ದರು. ಮೊದಲ ಚೆಂಡು ಬಿತ್ತು, ಉರುಳಿ ವೇದಿಕೆಯಿಂದ ಕೆಳಗಿಳಿಯಿತು. ಮುಂದಿನ ಸಾಲಿನಲ್ಲಿದ್ದ ನಿವೃತ್ತರೊಬ್ಬರು ಎದ್ದು ಅದನ್ನು ಹೆಕ್ಕಿ, ಶಾಲಿನಿಂದ ಒರೆಸಿ, ವೇದಿಕೆಯ ಹತ್ತಿರ ಬಂದು ಕೊಟ್ಟರು. ಮೇಷ್ಟ್ರಿಗೆ ಅವರು ಪರಿಚಯದವರು. ಬೇಡ ಎನ್ನುವುದು ಹೇಗೆ? ತೆಗೆದುಕೊಂಡು ಆಟಕ್ಕೆ ಸೇರಿಸಿಕೊಂಡರು.

ಇನ್ನೊಂದು ಬಿತ್ತು. ಅದನ್ನು ಒಬ್ಬ ತಾಯಿ ತಂದುಕೊಟ್ಟರು. ಮತ್ತೊಂದು ಹಿಂದಿನ ಸಾಲಿನವರೆಗೂ ಹೋಗಿತ್ತು. ಅದು ಕೈಯಿಂದ ಕೈ ದಾಟಿ ವಾಪಸು ಬಂತು.

"ಗಾಬರಿ ಆಗ್ಬ್ಯಾಡಿ ಮೇಷ್ಟ್ರೇ" ಎಂದು ಯಾರೋ ಧೈರ್ಯ ಹೇಳಿದರು. "ನಮ್ಮೋರೇ ಇರೋದು. ನಿಧಾನ ಮಾಡಿ."

ಮೇಷ್ಟ್ರು ಬೀಳಿಸುತ್ತಾರೆ, ಜನ ತಂದುಕೊಡುತ್ತಾರೆ. ಬೇಗ ಬೇಗ ಬೀಳಿಸಿದರೆ ಅವರೂ ಬೇಗ ಬೇಗ ತರುತ್ತಾರೆ. ಡೊಳ್ಳಿನ ಹುಡುಗಿ ದುಃಖದ ಬಡಿತ ಹಿಡಿದವಳು ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಒಂದು ಚೆಂಡು ಹಲಗೆಯ ಸಂದಿಯಲ್ಲಿ ವೇದಿಕೆಯ ಅಡಿಗೆ ಬಿದ್ದು ಹೋಯಿತು. ಅಬ್ಬ, ಒಂದಾದರೂ ಕಳೆಯಿತಲ್ಲ ಎಂದು ಮೇಷ್ಟ್ರ ಮುಖ ಅರಳಿತು. ಅಷ್ಟರಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಟ ನೋಡಲು ಬಂದಿದ್ದ ಒಬ್ಬರು ತಮ್ಮ ಚೀಲಕ್ಕೆ ಕೈಹಾಕಿ ಒಂದು ಮೂಸಂಬಿ ತೆಗೆದರು.

"ಅದು ಸಿಗಾಕಿಲ್ಲ ಮೇಷ್ಟ್ರೇ. ಸದ್ಯಕ್ಕೆ ಇದ್ರಾಗೆ ಹೊಂದಿಸ್ಕಳಿ."

ಎಲ್ಲ ಕಳೆದುಕೊಂಡು ಬರಿಗೈಯಲ್ಲಿ ನಿಲ್ಲಬೇಕಾದ ಮನುಷ್ಯ ತುಂಬಿದ ಕೈಯಲ್ಲಿ ನಮಸ್ಕಾರ ಮಾಡಿ ಒಳಗೆ ಬಂದ. ಆಮೇಲೆ ಮೇಷ್ಟ್ರು ಪರದೆಯ ಹಿಂದೆ ಕೂತು ಮೂಸಂಬಿ ಸುಲಿದು ನಮಗೂ ಹಂಚಿದರು. "ಈ ಊರಲ್ಲಿ ಹಾಳಾಗಿ ಹೋಗಬೇಕು ಅಂದ್ರೂ ಜನ ಬಿಡಲ್ಲ" ಎಂದರು.

ಅಲ್ಲಾಡುವ ಕುರ್ಚಿ

ಶಿಕಾರಿಪುರದಲ್ಲೇ ಪ್ರದರ್ಶನವಿದ್ದ ದಿನ ಎಂದಿನಂತೆ ಅಪ್ಪಾಜಿಯನ್ನು ಕರೆದೆ. ಎಂದಿನಂತೆ ಲೋಡ್ ಬರುವುದಿತ್ತು. ನಾನೂ ಹೆಚ್ಚು ಒತ್ತಾಯಿಸಲಿಲ್ಲ.

ಕೊನೆಯದು ಕುರ್ಚಿಯ ದೃಶ್ಯ. ಹೆಂಗಸೊಬ್ಬಳು ಕುರ್ಚಿಯ ಮೇಲೆ ಕುರ್ಚಿ ಇಟ್ಟು ತನ್ನ ಮನೆ ಕಟ್ಟುತ್ತ, ಅದನ್ನೇ ಹತ್ತುತ್ತ ಹೋಗುತ್ತಾಳೆ. ತುದಿ ಮುಟ್ಟಿದಾಗ ಇಡೀ ಮನೆ ಓಲಾಡತೊಡಗುತ್ತದೆ. ಅವಳು ಬೀಳುವುದಿಲ್ಲ, ಅದನ್ನು ನಿಲ್ಲಿಸುವುದೂ ಇಲ್ಲ. ಅದರ ಜೊತೆಗೇ ಓಲಾಡುವುದನ್ನು ಕಲಿಯುತ್ತಾಳೆ. ಕಥೆಯೆಲ್ಲ ಇರುವುದು ಆ ಓಲಾಟದಲ್ಲಿ. ನಾವು ಬೆವರು ಸುರಿಸಿ ಅಭ್ಯಾಸ ಮಾಡಿದ್ದೂ ಅದನ್ನೇ.

ಮೇಲಿನ ಕುರ್ಚಿಗೆ ಕಾಲಿಡುವಾಗ ಬಾಗಿಲ ಬಳಿ ಬಿಳಿ ಅಂಗಿ, ಹೆಗಲ ಮೇಲಿನ ಟವೆಲ್ಲು ಕಂಡಿತು. ಅಪ್ಪಾಜಿ! ನನಗಾದ ಸಂತೋಷಕ್ಕೆ ಅಲ್ಲೇ ಕೈ ಜಾರಬೇಕಿತ್ತು. ಅವರು ನಿಧಾನವಾಗಿ ನಡೆದು ಬಂದು ಅವ್ವನ ಪಕ್ಕದಲ್ಲಿ, ಮುಂದಿನ ಸಾಲಿನಲ್ಲೇ ಕೂತರು. ಇವತ್ತು ನನ್ನ ಜೀವಮಾನದ ಆಟ ಆಡಬೇಕು ಎಂದುಕೊಂಡು ಮೈಯನ್ನು ಮೆಲ್ಲಗೆ ಎಡಕ್ಕೆ ಬಿಟ್ಟೆ. ಕುರ್ಚಿಗಳು ಓಲಾಡಿದವು. ಡೊಳ್ಳು ಎದೆಬಡಿತದ ಹಾಗೆ ಕೇಳಿಸುತ್ತಿತ್ತು.

ಅಪ್ಪಾಜಿ ಎದ್ದರು. ವೇದಿಕೆಯ ಮೆಟ್ಟಿಲ ಬಳಿ ಬಂದು, ಚಪ್ಪಲಿ ಬಿಟ್ಟು, ಮೇಲೆ ಹತ್ತಿದರು. ತಳದ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು, ಮಂಡಿಯೂರಿ ಒತ್ತಿ ಕೂತುಬಿಟ್ಟರು. ಗೊಬ್ಬರದ ಚೀಲ ಒಟ್ಟಿ ಪಳಗಿದ ಕೈ ಅದು. ನನ್ನ ಮನೆ ಕಲ್ಲಿನ ಕಂಬದ ಹಾಗೆ ನಿಂತಿತು.

ನಾನು ತುಟಿ ಅಲ್ಲಾಡಿಸದೆ, "ಅಪ್ಪಾಜಿ, ಬಿಡ್ರಿ" ಎಂದೆ.

"ಅಲ್ಲಾಡಾಕತ್ತೈತಿ."

"ಅದು ಅಲ್ಲಾಡಬೇಕು."

"ಯಾಕ ಅಲ್ಲಾಡಬೇಕು?"

"ಕಥೆ ಇರೋದೇ ಹಂಗೆ."

"ಕಥಿ ಕೆಳಗ ಇಳದು ಹೇಳು."

ಸಭಾಂಗಣ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನಮ್ಮ ಪಿಸುಮಾತು ಕೊನೆಯ ಸಾಲಿಗೂ ಕೇಳಿಸಿತು. ಆದರೂ ಯಾರೂ ನಗಲಿಲ್ಲ. ಇದೂ ಆಟದ ಭಾಗ ಎಂದುಕೊಂಡಿದ್ದರು. ಓಲಾಡಲಂತೂ ಆಗದು, ನಾನು ತುದಿಯ ಕುರ್ಚಿಯಲ್ಲಿ ಸುಮ್ಮನೆ ಕೂತೆ. ಕೆಳಗೆ ಅವರ ಬೋಳುತಲೆ, ಬಿಗಿಹಿಡಿದ ಕೈಗಳು ಕಾಣುತ್ತಿದ್ದವು. ಅವರು ಜನರನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ, ಕುರ್ಚಿಯ ಕಾಲುಗಳನ್ನೇ ನೋಡುತ್ತಿದ್ದರು. ನನಗೆ ಅಲ್ಲೇ ಅಳು ಬಂತು. ಒಂದೊಂದೇ ಕುರ್ಚಿ ಇಳಿದು ಬಂದೆ. ನನ್ನ ಎರಡೂ ಪಾದ ನೆಲ ಮುಟ್ಟುವವರೆಗೆ ಅವರು ಕೈ ಸಡಿಲಿಸಲಿಲ್ಲ. ಆಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಜನರ ಕಡೆ ತಿರುಗಿ, "ಆತು, ಏನಾಗಿಲ್ಲ" ಎಂದು ಹೇಳಿ ಚಪ್ಪಲಿ ಹುಡುಕಲು ಹೋದರು.

ಅಂಥ ಚಪ್ಪಾಳೆ ನಮ್ಮ ತಂಡಕ್ಕೆ ಎಂದೂ ಬಿದ್ದಿರಲಿಲ್ಲ. ಮೊದಲ ಬಾರಿಗೆ ಅವ್ವನೂ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಸಂಘಟಕರು ಓಡಿಬಂದು ನನ್ನ ಕೈ ಹಿಡಿದುಕೊಂಡರು. "ಆ ಹಿರಿಯ ಕಲಾವಿದರು ಯಾರು ಮೇಡಂ? ಕೂತಲ್ಲಿಂದ ಕದಲದೆ ತಂದೆ ಅಂದ್ರೆ ಏನು ಅಂತ ತೋರಿಸಿಬಿಟ್ರು. ಎಷ್ಟು ವರ್ಷದ ಅಭ್ಯಾಸ?"

"ನಾನು ಹುಟ್ಟಿದಾಗಿನಿಂದ" ಎಂದೆ.

ದೃಶ್ಯವನ್ನು ಹೊಸದಾಗಿ ಕಟ್ಟದೆ ಬೇರೆ ದಾರಿ ಉಳಿಯಲಿಲ್ಲ. ಮುಂದಿನ ಪ್ರದರ್ಶನದ ದಿನ ನಾನು ಗಿರಣಿಗೆ ಹೋಗುವ ಮೊದಲೇ ಅಪ್ಪಾಜಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಿರಣಿ ಬಾಗಿಲಲ್ಲೇ ನಿಂತಿದ್ದರು. "ಲೋಡ್ ಬರೋದಿಲ್ವಾ?" ಎಂದರೆ "ಹಮಾಲರು ಇಳಿಸ್ಕಂತಾರೆ" ಎಂದು ಮುಖ ಆ ಕಡೆ ತಿರುಗಿಸಿದರು. ಅವತ್ತಿನಿಂದ ತಳದ ಕುರ್ಚಿ ಹಿಡಿಯುವುದು ಅವರದೇ ಪಾತ್ರ, ಒಂದು ಆಟವನ್ನೂ ತಪ್ಪಿಸಿಲ್ಲ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಹೊಸ ಗಿರಾಕಿಯೊಬ್ಬರು ನನ್ನನ್ನು ನೋಡಿ ಕೇಳಿದರು.

"ಮಗಳು ಏನ್ ಮಾಡ್ತಾಳ್ರೀ ಸಾವ್ಕಾರ್ರೇ?"

"ಸರ್ಕಸ್ಸು."

"ಅಯ್ಯೋ! ಮೇಲಿಂದ ಬಿದ್ರೆ ಏನ್ರೀ ಗತಿ?"

ಅಪ್ಪಾಜಿ ಬೀಜ ತೂಗುತ್ತಿದ್ದರು. ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದರು.

"ಹೆಂಗ್ರೀ ಬೀಳ್ತಾಳ? ಆಕಿ ಮೇಲೆ ಸುಮ್ನ ಕುಂತಿರ್ತಾಳ. ಕೆಳಗ ಸರ್ಕಸ್ ಮಾಡೋನು ನಾನು."