ಎಡಗಿವಿಯ ಸಂಸಾರ

ಬೆಳಗ್ಗೆ ತಿಂಡಿಯ ಹೊತ್ತಿಗೆ "ಹೂಂ" ಎಂದದ್ದೇ ಗಂಟೆಯಪ್ಪನಿಗೆ ಮುಳುವಾಯಿತು. "ನನ್ನನ್ನ ಕಟ್ಕೊಂಡು ಕೆಟ್ಟೆ ಅನ್ಸುತ್ತಾ?" ಎಂದು ಹೆಂಡತಿ ಕೇಳಿದ್ದು ಅವನ ಎಡಗಡೆಯಿಂದ. ಇಗರ್ಜಿಯ ದೊಡ್ಡ ಗಂಟೆ ಬಾರಿಸಿ ಬಾರಿಸಿ ಆ ಕಿವಿ ಎಂದೋ ದಿವಾಳಿಯೆದ್ದಿತ್ತು. ಹೆಂಡತಿಗೆ ಈ ಗುಟ್ಟು ತಿಳಿಯದಂತೆ, ಎಡಗಡೆಯಿಂದ ಬಂದದ್ದಕ್ಕೆಲ್ಲ ಹೂಂಗುಟ್ಟುತ್ತ ಅವನು ಇಷ್ಟು ವರ್ಷ ಸುಖವಾಗಿ ಸಂಸಾರ ಮಾಡಿಕೊಂಡು ಬಂದಿದ್ದ.

ಹೆಂಡತಿ ನಕ್ಕು ಪಾತ್ರೆ ತೊಳೆಯಲು ಹೋದಳು. ಆದರೆ ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಟೀಚರಮ್ಮನಿಗೆ ಎರಡು ಕಿವಿಯೂ ಚುರುಕು. ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಪಾದ್ರಿಗಳ ಬಳಿ ಓಡಿದರು.

ಹೊಸ ಪಾದ್ರಿಗಳು ಮುನಿದ ದಂಪತಿಗಳನ್ನು ಮಾತಾಡಿಸಿ ಕೂಡಿಸುವ ತರಬೇತಿ ಮುಗಿಸಿ ಬಂದು, ಹೊಸ ಕತ್ತರಿ ಕೊಂಡ ದರ್ಜಿಯ ಹಾಗೆ ಕೈ ತುರಿಸಿಕೊಳ್ಳುತ್ತ ಕೂತಿದ್ದರು. ಮಧ್ಯಾಹ್ನವೇ ಇಬ್ಬರನ್ನೂ ಕರೆಸಿದರು. ಹೆಂಡತಿ ಎಂದಿನಂತೆ ಎಡಗಡೆಯ ಕುರ್ಚಿ ಹಿಡಿದಳು.

"ಫಾದರ್, ನಾನು ಆ ಕಡೆ ಕೂರ್ಲಾ?" ಎಂದ ಗಂಟೆಯಪ್ಪ.

"ತಪ್ಪಿಸ್ಕೊಳ್ಳೋ ಯೋಚನೆ ಬೇಡಪ್ಪಾ!" ಎಂದರು ಟೀಚರಮ್ಮ. ಪ್ರಾರ್ಥನೆಯ ನೆಪದಲ್ಲಿ ಬಂದ ಅವರು ಬಾಗಿಲಲ್ಲೇ ನಿಂತಿದ್ದರು.

"ನಿಯಮ ಒಂದೇ," ಎಂದರು ಪಾದ್ರಿಗಳು. "ಅಮ್ಮ ಮನಸ್ಸಲ್ಲಿರೋದನ್ನ ಹೇಳ್ತಾರೆ. ನೀವು ಅದನ್ನೇ ತಿರುಗಿ ಹೇಳ್ಬೇಕು."

ಹೆಂಡತಿ ಗಂಡನ ಕಿವಿಯತ್ತ ಬಾಗಿ ಏನೋ ಗುನುಗಿದಳು. ಟೀಚರಮ್ಮನ ಕಿವಿಗೂ ಅದು ಎಟುಕಲಿಲ್ಲ. ಎಲ್ಲರೂ ಗಂಟೆಯಪ್ಪನ ಬಾಯಿ ನೋಡಿದರು. ಇಷ್ಟು ವರ್ಷದ ಹೂಂಗಳೆಲ್ಲ ಈಗ ಬಯಲಾಗುತ್ತವೆ! ದಿಕ್ಕು ತೋಚದೆ, ಎರಡೂ ಕಿವಿ ನೆಟ್ಟಗಿದ್ದ ಕಾಲದ ಅವಳ ಮಾತೊಂದನ್ನು ತಡಕಾಡಿದ. ಮದುವೆಯಾದ ಹೊಸತು. ಗೋಪುರದ ಮೆಟ್ಟಿಲು, ಪಾರಿವಾಳಗಳ ರೆಕ್ಕೆಸದ್ದು, ಕಾಫಿ ಫ್ಲಾಸ್ಕು ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದ ಅವಳು.

"ನೀವು ಗಂಟೆ ಹೊಡೆಯೋವಾಗ ಹಗ್ಗದ ಜೊತೆ ಮೇಲೆ ಹೋಗ್ಬಿಡ್ತೀರೇನೋ ಅಂತ ಭಯ, ಅಂಗಿ ಹಿಡ್ಕೊಂಡು ನಿಂತ್ಕೊಳ್ಲಾ... ಅಂದ್ಲು ಫಾದರ್."

ಟೀಚರಮ್ಮ ಕರಗಿ ಮೂಗೊರೆಸಿಕೊಂಡರು. ಹೆಂಡತಿ ಬಹಳ ಹೊತ್ತು ಗಂಡನನ್ನೇ ನೋಡಿದಳು.

"ಅದೇನಾ ಅಮ್ಮಾ ನೀವು ಹೇಳಿದ್ದು?" ಎಂದರು ಪಾದ್ರಿಗಳು.

"ಅದೇ ಫಾದರ್. ಒಂದಕ್ಷರ ಬಿಟ್ಟಿಲ್ಲ," ಎಂದು ಕಣ್ಣೊರೆಸಿಕೊಂಡಳು.

ಪಾರಾದೆನೆಂದು ಗಂಟೆಯಪ್ಪ ಬೀದಿಗಿಳಿದ. ತಿರುವಿನಲ್ಲಿ ಹೆಂಡತಿ ಸುತ್ತಿಬಳಸಿ ಅವನ ಬಲಗಡೆಗೆ ಬಂದಳು.

"ಎಡಗಿವಿ ಹೋಗಿದ್ದು ನಂಗೆ ಆವಾಗ್ಲೇ ಗೊತ್ತು ಕಣ್ರೀ. ಬೈಗುಳ ಎಲ್ಲಾ ಅಲ್ಲೇ ಸುರೀತಿದ್ದೆ. ನಂಗೆ ಹಗುರ, ನಿಮಗೆ ನೆಮ್ಮದಿ."

ಅವನು ಅವಳತ್ತ ತಿರುಗಿದ. "ಈಗ ಅಲ್ಲಿ ಏನಂದೆ?"

"ಟೀಚರಮ್ಮನ್ನ ಬೈದೆ. ಆದ್ರೆ ನನ್ನ ಒಂದು ಮಾತನ್ನ ನೀವು ಇಷ್ಟು ಜೋಪಾನವಾಗಿ ಇಟ್ಕೊಂಡಿದೀರ ಅಂತ ಗೊತ್ತಿರ್ಲಿಲ್ಲ. ಪಾಪ, ಆಮೇಲಿಂದೆಲ್ಲಾ ನಿಮಗೆ ನಷ್ಟ ಆಯ್ತಲ್ಲ! ಬನ್ನಿ, ಮೊದಲಿಂದ ಹೇಳ್ತೀನಿ."

ಅವನ ಅಂಗಿಯ ತುದಿಯನ್ನು ಭದ್ರವಾಗಿ ಹಿಡಿದುಕೊಂಡು, ಬಲಗಿವಿಗೆ ಶುರುಮಾಡಿದಳು.