ಬಾಯಿ ಮುಚ್ಚಿದ ಹವಳಕ್ಕೊಂದು ಅಹವಾಲು

ನಮ್ಮ ಹಜಾರದ ಗಾಜಿನ ತೊಟ್ಟಿಯಲ್ಲಿ, ಎಡಗಡೆಯ ಬಂಡೆಯ ಮೇಲೆ ಬಾಡಿಗೆಯಿಲ್ಲದೆ ವಾಸವಾಗಿರುವ ಹವಳದ ಪಾಲಿಪ್‌ಗಳೆಂಬ, ಹೂವಿನಂತೆ ಬಾಯರಳಿಸುವ ಪುಟ್ಟ ಜೀವಿಗಳ ಅವಿಭಕ್ತ ಕುಟುಂಬದ ಸಮಸ್ತ ಸದಸ್ಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆಯಾದರೂ, ತಾವು ಬಹಳ ದಿನಗಳಿಂದ ಬಾಯಿಯನ್ನೇ ತೆರೆಯದಿರುವುದರಿಂದ ಕ್ಷೇಮವೋ ಅಲ್ಲವೋ ಎಂದು ತಿಳಿಯುವ ದಾರಿ ನನಗಿಲ್ಲ. ಮುಚ್ಚಿದ ಬಾಯಿಯವರಿಗೆ ಮುಚ್ಚಿದ ಲಕೋಟೆ ಶೋಭಿಸದೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ದಂತವೈದ್ಯ, ಆದರೂ ಹೇಳುತ್ತಿರುವುದು ದಂತಕಥೆಯಲ್ಲ. ನನ್ನ ಕುರ್ಚಿಯಲ್ಲಿ ವಕೀಲರು, ಪೊಲೀಸರು, ಕಚೇರಿಯಲ್ಲಿ ತುಟಿ ಬಿಚ್ಚದ ಹಿರಿಯ ಅಧಿಕಾರಿಗಳು, ಎಲ್ಲರೂ ಒಂದು ಸನ್ನೆಗೆ ಬಾಯಿ ತೆರೆದಿದ್ದಾರೆ. ನನ್ನ ಅತ್ತೆಯವರಂತೂ ಸನ್ನೆಯನ್ನೂ ಕಾಯುವುದಿಲ್ಲ. ಇಂಥ ನನ್ನ ಕೀರ್ತಿಗೆ, ಅಂಗಿಯ ಗುಂಡಿಯಷ್ಟೂ ಇಲ್ಲದ ತಾವು ತಂದಿಟ್ಟಿರುವ ಕುಂದನ್ನು ದಯವಿಟ್ಟು ಪರಾಂಬರಿಸಬೇಕು.

ಉಗುರಿನಷ್ಟು ಚೂರಿನಿಂದ ತಮ್ಮನ್ನು ಈ ಮಟ್ಟಕ್ಕೆ ಬೆಳೆಸಿದವಳು ನನ್ನ ಹೆಂಡತಿ ಎಂಬುದು ತಮಗೆ ತಿಳಿದೇ ಇದೆ. ಕಚೇರಿ ಕೆಲಸದ ಮೇಲೆ ಬೇರೆ ಊರಿಗೆ ಹೊರಟಾಗ ಅವಳು ಬಾಗಿಲಲ್ಲಿ ನಿಂತು, "ರೀ, ನಿಮ್ಮ ಕೈಲಾಗುತ್ತಾ, ಇಲ್ಲಾ ಈಗ್ಲೇ ತಮ್ಮನ ಮನೆಗೆ ಕಳಿಸ್ಬಿಡ್ಲಾ? ನಾನು ವಾಪಸ್ ಬಂದಾಗ ಇವು ಹೀಗೇ ಅರಳಿರ್ಬೇಕು. ಇಲ್ಲಾಂದ್ರೆ ತೊಟ್ಟಿ ಅವನ ಮನೆಗೇ" ಎಂದಿದ್ದಳು. ನಾನು ಎದೆ ತಟ್ಟಿಕೊಂಡು ಒಪ್ಪಿದೆ. ಸಂಜೆ ಚಹಾ ಹಿಡಿದು ತಮ್ಮೆದುರು ಕೂರುವ ಆ ಅರ್ಧ ಗಂಟೆಯಷ್ಟೇ ಅವಳ ಫೋನು ಅಡುಗೆಮನೆಯಲ್ಲಿ ಉಳಿಯುತ್ತದೆ. ಆಗ ಅವಳು ನನ್ನೊಡನೆ ತಮ್ಮ ವಿಷಯ ಮಾತಾಡುತ್ತಾಳೆ, ಒಮ್ಮೊಮ್ಮೆ ತಮ್ಮೊಡನೆ ನನ್ನ ವಿಷಯ. ಎರಡೂ ನನಗೆ ಹಿತವೇ. ತಾವು ಭಾವಮೈದುನನ ಮನೆ ಸೇರಿದರೆ ಸಂಜೆಯಾದೊಡನೆ ಅವಳೂ ಅಲ್ಲಿಗೆ ಹೋಗುತ್ತಾಳೆ. ನನ್ನ ಪಾಲಿಗೆ ಉಳಿಯುವುದು ಅತ್ತೆಯವರು ಮತ್ತು ಅವರ ಧಾರಾವಾಹಿ.

ಆದ್ದರಿಂದಲೇ ನಾನು ತಮ್ಮ ಸೇವೆಗೆ ಟೊಂಕ ಕಟ್ಟಿ ನಿಂತದ್ದು. ಮೊದಲ ಸಂಜೆಯೇ ಕ್ಲಿನಿಕ್ಕಿನ ತಲೆದೀಪ ಧರಿಸಿ ಒಬ್ಬೊಬ್ಬರ ಬಾಯಿಯನ್ನೂ ತಪಾಸಣೆ ಮಾಡಿದೆ. ಆ ಗೌರವಕ್ಕೆ ತಾವೆಲ್ಲರೂ ಒಟ್ಟಾಗಿ ಬಾಯಿ ಮುಚ್ಚಿದಿರಿ. ತೊಟ್ಟಿಯ ದೀಪ ತಗ್ಗಿಸಿದೆ, ಅಲೆ ಎಬ್ಬಿಸುವ ಪಂಪಿನ ಮೂತಿ ಆಚೆ ತಿರುಗಿಸಿದೆ, ತಮ್ಮ ತಲೆಯ ಮೇಲೆ ಓಡಾಡುವ ಸೀಗಡಿಯನ್ನು ಗದರಿಸಿದೆ. ಅತ್ತೆಯವರು ಟಿ.ವಿ.ಯಿಂದ ಕಣ್ಣು ಕೀಳದೆ, "ಅಳಿಯಂದ್ರೇ, ನಿಮ್ಮ ಮುಖ ಸ್ವಲ್ಪ ಆಚೆ ತಗೊಂಡು ನೋಡಿ, ಅರಳಿದ್ರೂ ಅರಳಬಹುದು" ಎಂದು ಸಲಹೆ ಕೊಟ್ಟರು. ಅದನ್ನೂ ಪಾಲಿಸಿದೆ.

ಇನ್ನು ಉಪ್ಪಿನ ವಿಚಾರ. ತೊಟ್ಟಿಯಿಂದ ದಿನವೂ ಆವಿಯಾಗಿ ಇಳಿಯುವಷ್ಟು ನೀರನ್ನು ಮತ್ತೆ ತುಂಬಿಸಲೆಂದು ಹೆಂಡತಿ ಸೋಸಿದ ಸಿಹಿನೀರನ್ನು ಕ್ಯಾನಿನಲ್ಲಿಟ್ಟು ಹೋಗಿದ್ದಳು. ಆದರೆ ವಸಡು ಊದಿದವರಿಗೂ ಹಲ್ಲು ಕೀಳಿಸಿಕೊಂಡವರಿಗೂ ಈ ವೃತ್ತಿಯುದ್ದಕ್ಕೂ ನಾನು ಹೇಳಿದ ಮೊದಲ ಮದ್ದು ಉಪ್ಪುನೀರು. ಬಾಯಿಯೇ ಮುದುಡಿಕೊಂಡಿರುವ ತಮ್ಮಂಥವರಿಗೆ ಬರೀ ಸಿಹಿನೀರು ಕೊಡಲು ವೈದ್ಯನ ಮನಸ್ಸು ಒಪ್ಪೀತೇ? ಪ್ರತಿ ಬೆಳಿಗ್ಗೆ ಸಮುದ್ರದ ಉಪ್ಪನ್ನು ಧಾರಾಳವಾಗಿ ಕಲಸಿ ಸುರಿದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಗಟ್ಟಿಯಾಗಿ ಕೂತಿರುತ್ತದೆ ಎಂಬ ಸಂಗತಿಯನ್ನು ತಾವಾದರೂ ಬಾಯಿಬಿಟ್ಟು ಹೇಳಬಹುದಿತ್ತು.

ಹೇಳಿದವನು ಭಾವಮೈದುನ. ತೊಟ್ಟಿಯ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದೇ ಬಂದ ಆ ಮಹಾನುಭಾವ, ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, "ಭಾವ, ಇದು ಸಮುದ್ರ ಅಲ್ಲ, ಉಪ್ಪಿನಕಾಯಿ ಜಾಡಿ! ಇವು ಬಾಯಿ ಮುಚ್ಚಿರೋದು ನಿಮ್ಮ ಮೇಲಿನ ಮರ್ಯಾದೆಗೆ" ಎಂದು ನಕ್ಕ. ಉಪ್ಪು ಹಾಕಿದ್ದು ನಾನಾದರೂ, ಖಾರ ಸೇರಿಸಿ ಅಕ್ಕನಿಗೆ ಫೋನಿನಲ್ಲಿ ವರದಿ ಒಪ್ಪಿಸಿದ್ದು ಅವನು. ಅಂದಿನಿಂದ ನಾನು ಉಪ್ಪಿನ ತಂಟೆಗೆ ಹೋಗದೆ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಅಷ್ಟೇ ಸಿಹಿನೀರನ್ನು ಅಳೆದು ಸುರಿಯುತ್ತಿದ್ದೇನೆ.

ನಿನ್ನೆ ಅವಳು ಬಂದಳು. ಚೀಲವನ್ನೂ ಕೆಳಗಿಡದೆ ತಮ್ಮೆದುರು ಕೂತಳು. ನಾನು ಹಲ್ಲು ಗಿಂಜುತ್ತ ನಿಂತಿದ್ದೆ. ಭಾವಮೈದುನ ತೊಟ್ಟಿ ಸಾಗಿಸಲು ಗಾಡಿಯವನಿಗೆ ಹೇಳಿಬಿಟ್ಟಿದ್ದ. ಅವಳು ನೀರಿನಲ್ಲಿರುವ ಉಪ್ಪಿನ ಅಳತೆ ನೋಡಿದಳು, ತಮ್ಮನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಆಮೇಲೆ, "ಈ ಸ್ಥಿತಿಯಲ್ಲಿ ಕದಲಿಸಿದ್ರೆ ಸತ್ತೇ ಹೋಗ್ತವೆ ಕಣೋ. ಮೊದಲು ಅರಳಲಿ, ಆಮೇಲೆ ನೋಡೋಣ. ಗಾಡಿ ಬೇಡ ಅನ್ನು" ಎಂದು ತಮ್ಮನನ್ನು ಕಳಿಸಿ, ನನಗೆ, "ನೀವೂ ಕೂತ್ಕೊಳ್ಳಿ. ಬಾಯಿ ಮಾತ್ರ ತೆರೀಬೇಡಿ" ಎಂದಳು. ಕೂತೆ. ಅರ್ಧ ಗಂಟೆ ಕಳೆಯಿತು, ಅವಳು ಎದ್ದೇಳಲಿಲ್ಲ. ಚಹಾ ಮತ್ತೊಮ್ಮೆ ಬಂತು, ಎದ್ದೇಳಲಿಲ್ಲ. ಅತ್ತೆಯವರ ಧಾರಾವಾಹಿಯಲ್ಲಿ ಒಂದು ಮದುವೆ ಮುರಿದು ಇನ್ನೊಂದು ನಿಶ್ಚಯವಾಯಿತು, ಆಗಲೂ ಎದ್ದೇಳಲಿಲ್ಲ. ತಮ್ಮಲ್ಲಿ ಯಾರಾದರೂ ಅಲುಗಿಯಾರೆಂದು ಕಾಯುತ್ತ ಕಾಯುತ್ತ, ಯಾವಾಗಲೋ ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು.

ಆದಕಾರಣ, ಪೂಜ್ಯರೇ, ಇಲ್ಲಿಯವರೆಗಿನ ದೂರನ್ನೆಲ್ಲ ಬೇಷರತ್ತಾಗಿ ಹಿಂಪಡೆದು, ತಮ್ಮ ಮೌನವನ್ನು ಮನಸಾರೆ ಶ್ಲಾಘಿಸುತ್ತ, ಈ ಕೆಳಗಿನ ಕೋರಿಕೆಯನ್ನು ಸಲ್ಲಿಸುತ್ತಿದ್ದೇನೆ. ತಾವು ಸಾಯಕೂಡದು, ಅವಳು ಅತ್ತರೆ ನನ್ನಿಂದ ನೋಡಲಾಗದು. ಪೂರ್ತಿ ಅರಳಲೂಕೂಡದು, ಅರಳಿದೊಡನೆ ಗಾಡಿ ಬಾಗಿಲಿಗೆ ಬರುತ್ತದೆ. ಅವಳಿಗೆ ಆಸೆ ಹುಟ್ಟುವಷ್ಟು ತೆರೆದು, ಭಾವಮೈದುನನಿಗೆ ಧೈರ್ಯ ಬಾರದಷ್ಟು ಮುಚ್ಚಿ, ಈ ನಡುವಿನ ಸ್ಥಿತಿಯನ್ನು ನಮ್ಮ ವೃದ್ಧಾಪ್ಯದವರೆಗೆ ಕಾಪಾಡಿಕೊಂಡು ಬರಬೇಕಾಗಿ ಪ್ರಾರ್ಥನೆ.

ಹೀಗೆಂದು ತಮ್ಮ ಗಾಜಿಗೆ ಮೂಗು ಒತ್ತಿ ಬೇಡಿಕೊಳ್ಳುವ,
ತಮ್ಮ ಸಿಹಿನೀರಿನ ವಿಶ್ವಾಸಿ,
ಮನೆಯೊಡತಿಯ ಗಂಡ

ಮರೆತ ಮಾತು: ಇಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ತಮ್ಮಲ್ಲಿ ಬಲತುದಿಯ ಮೂವರು ಯಾರ ಅಪ್ಪಣೆಯೂ ಇಲ್ಲದೆ ಢಾಳಾಗಿ ಅರಳಿ ನಿಂತದ್ದು ನನ್ನ ಗಮನಕ್ಕೆ ಬಂದಿದೆ. ಇಂಥ ಅವಿಧೇಯತೆ ಮುಂದುವರಿದರೆ ಅತ್ತೆಯವರ ಕುರ್ಚಿಯನ್ನು ತಮ್ಮ ಗಾಜಿಗೆ ಎದುರಾಗಿಯೇ ಹಾಕಿಸುತ್ತೇನೆ; ಅವರು ಮಾತಿಗೆ ಕೂತರೆ ಬೇರೆಯವರಿಗೆ ಬಾಯಿ ತೆರೆಯಲು ಅವಕಾಶವೇ ಸಿಗುವುದಿಲ್ಲವೆಂಬುದು ನನ್ನ ಸ್ವಂತ ಅನುಭವ.