ಕಾರ್ಡಿಗೊಂದು ತಗಡಿನ ಕೋಟೆ

ತಗಡಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಅಂದಿನಿಂದ ಶಹಾಪುರದಲ್ಲಿ ತಗಡು ಬಡಿದೇ ಬದುಕಿದ್ದೇನೆ. ನಾನು ಮಾಡಿದ ಕಾಳಿನ ಡಬ್ಬದೊಳಗೆ ಇರುವೆ ಹೋಗಬೇಕಾದರೂ ನನ್ನ ಅಪ್ಪಣೆ ಕೇಳಬೇಕು! ಅಂಥವನಿಗೆ ಬ್ಯಾಂಕಿನ ಒಂದು ಕಾರ್ಡು ಕಾಯುವುದು ಯಾವ ದೊಡ್ಡ ಕೆಲಸ?

ಭಯ ಹುಟ್ಟಿಸಿದವನು ಎದುರಿನ ಕಿರಾಣಿ ಅಂಗಡಿಯ ರಜಾಕ್ ಭಾಯಿ. ನನ್ನ ಹೊಸ ಕಾರ್ಡಿನ ಮೇಲಿದ್ದ ಬಾಗಿದ ಗೆರೆಗಳನ್ನು ತೋರಿಸಿದ.

"ಮಿಸ್ತ್ರಿ, ಇದು ಮಷೀನಿನಾಗ ತುರುಕೋದೇ ಬ್ಯಾಡ. ಹತ್ರ ಹಿಡದ್ರ ರೊಕ್ಕ ಹೋಗ್ತದ. ಬಸ್ಸಿನ ಗದ್ದಲದಾಗ ಯಾವನರ ಮಷೀನ್ ಹಿಡ್ಕೊಂಡು ನಿನ್ನ ಕಿಸೆಕ್ಕ ಹತ್ತಿ ನಿಂತನಂದ್ರ, ಖಲಾಸ್!"

ನಿಜ ಹೇಳಬೇಕೆಂದರೆ, ನನಗೆ ಭಯಕ್ಕಿಂತ ಸೋಜಿಗವೇ ಹೆಚ್ಚಾಯಿತು. ತಂತಿಯಿಲ್ಲ, ಕೊಂಡಿಯಿಲ್ಲ, ಗಾಳಿಯಲ್ಲೇ ಮಾತು! ಹಾಗಾದರೆ ಈ ಮಾತು ಯಾವುದನ್ನು ದಾಟುತ್ತದೆ, ಯಾವುದಕ್ಕೆ ನಿಲ್ಲುತ್ತದೆ? ಪರೀಕ್ಷೆ ಮಾಡಲೇಬೇಕೆಂದು ನಿರ್ಧರಿಸಿದೆ.

"ನನ್ನ ಮಷೀನ್ ತಗೋ," ಅಂದ ರಜಾಕ್ ಭಾಯಿ. "ಆದ್ರ ಪುಕ್ಕಟೆ ಒದರಂಗಿಲ್ಲ. ಏನರ ಖರೀದಿ ಮಾಡ್ಬೇಕು."

ಒಂದೊಂದು ಪರೀಕ್ಷೆಗೆ ಒಂದೊಂದು ಸೋಪು ಎಂದು ಒಪ್ಪಂದವಾಯಿತು. ಕಾರ್ಡಿಗೆ ಟವೆಲ್ ಸುತ್ತಿ ಹಿಡಿದೆ. ಪೀಂ! ಒಂದು ಸೋಪು. ಕಡಕ್ ಜೋಳದ ರೊಟ್ಟಿ ಅಡ್ಡ ಹಿಡಿದೆ. ಪೀಂ! ಕಾಲಿನ ಚಪ್ಪಲಿ ಬಿಚ್ಚಿ ಹಿಡಿದೆ.

"ಯಾ ಅಲ್ಲಾ, ಚಪ್ಪಲಿನೂ ದಾಟ್ತದ!" ಎಂದು ರಜಾಕ್ ಭಾಯಿ ನನಗಿಂತ ಬೆರಗಾಗಿ ಇನ್ನೊಂದು ಸೋಪು ಕಟ್ಟಿದ.

ಕೊನೆಗೆ ತಗಡು ಅಡ್ಡ ಹಿಡಿದೆ. ಮಷೀನು ಮೂಕಾಯಿತು! ನನ್ನ ತಗಡಿನ ಮುಂದೆ ಬ್ಯಾಂಕೂ ಬಾಯಿ ಮುಚ್ಚಿತಲ್ಲ ಎಂದು ಹಿಗ್ಗಿ ಮನೆಗೆ ಬಂದೆ. ಹೆಂಡತಿ ಶರಣಮ್ಮ ಕೈಚೀಲ ನೋಡಿದಳು.

"ಏನ್ರೀ, ಇಷ್ಟು ಸೋಪು? ಊರಿಗೆಲ್ಲ ಜಳಕ ಮಾಡಸ್ತೀರೇನು?"

"ಕಳ್ಳ ರೊಕ್ಕ ಹೆಂಗ ಎಳೀತಾನಂತ ಪರೀಕ್ಷಾ ಮಾಡಾಕತ್ತಿದ್ದೆ."

"ಕಳ್ಳ ಇನ್ನೂ ಬಂದೇ ಇಲ್ಲ. ಅವನ ಕೆಲಸ ನೀವಾ ಮುಗಿಸಿ ಬಂದೀರಲ್ಲ!"

ಮರುದಿನವೇ ಕಾರ್ಡಿನ ಅಳತೆಗೆ ಸರಿಯಾಗಿ ಒಂದು ಪುಟ್ಟ ಪೆಟ್ಟಿಗೆ ಬಡಿದೆ. ಮುಚ್ಚಳ ಎಷ್ಟು ಬಿಗಿಯೆಂದರೆ, ಒಳಗಿನ ಗಾಳಿ ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ.

ಆ ವಾರವೇ ಮಗಳ ಮದುವೆಯ ಜವಳಿ ತರಲು ಯಾದಗಿರಿಗೆ ಹೊರಟೆವು. ಬೀಗರಾದ ಬಸಣ್ಣನವರು, ಬೀಗತಿ ಇಬ್ಬರೂ ಸುರಪುರದಿಂದ ಅಲ್ಲಿಗೇ ಬರುವವರಿದ್ದರು. ಬೀಗತಿಯ ಸೀರೆ ನಾವೇ ಕೊಡಿಸಬೇಕು. ಹೆಣ್ಣಿನ ಕಡೆಯವರ ಮಾನ ಆ ಸೀರೆಯ ಸೆರಗಿನಲ್ಲೇ ಇರುತ್ತದೆ!

"ಕೈಯಾಗ ಒಂದೀಟು ನೋಟೂ ಇರ್ಲಿ," ಅಂದಳು ಶರಣಮ್ಮ.

"ಈಗಿನ ಕಾಲದಾಗ ನೋಟು ಯಾರು ಹಿಡೀತಾರ?" ಎಂದು ಪೆಟ್ಟಿಗೆಯನ್ನು ಹಿಂದಿನ ಕಿಸೆಗೆ ಹಾಕಿ ಬಸ್ಸು ಹತ್ತಿದೆ. ಯಾದಗಿರಿಯವರೆಗೂ ಅದರ ಮೇಲೇ ಕುಳಿತೆ. ಕಳ್ಳನಿಗೆ ಅಷ್ಟೂ ಜಾಗ ಕೊಡಬಾರದಲ್ಲ!

ಜವಳಿ ಅಂಗಡಿಯಲ್ಲಿ, "ರೇಟ್ ನೋಡಬ್ಯಾಡ್ರಿ ಅಕ್ಕಾರ, ಬಣ್ಣ ನೋಡ್ರಿ," ಎಂದು ಬೀಗತಿಗೆ ಧಾರಾಳವಾಗಿ ಹೇಳಿದೆ. ಅವರು ಬಣ್ಣವನ್ನೇ ನೋಡಿದರು. ಹಣ ಕೊಡುವಾಗ ಸುಮ್ಮನೆ ಕಾರ್ಡು ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ಬೀಗರು ನೋಡುತ್ತಿದ್ದರಲ್ಲ! ಮುಚ್ಚಿದ ಪೆಟ್ಟಿಗೆಯನ್ನೇ ಮಷೀನಿನ ಮೇಲಿಟ್ಟೆ. ಸದ್ದಿಲ್ಲ.

"ನೋಡಿದ್ರಿ? ರೊಕ್ಕ ಹೋಗಂಗಿಲ್ಲ!" ಅಂದೆ, ಎಲ್ಲರಿಗೂ ಕೇಳುವಂತೆ.

ಅಂಗಡಿಯವನು ಹುಬ್ಬೇರಿಸಿದ. "ಹೋಗಂಗಿಲ್ಲಂದ್ರ ಹೆಂಗ್ರಿ? ಬ್ಯಾರೆ ಕಾರ್ಡ್ ಕೊಡ್ರಿ."

"ಹೋಗಬಾರ್ದಂತನಾ ಮಾಡೀನ್ರಿ!"

ಬೀಗತಿ ಸೀರೆಯ ಮೇಲಿನ ಕೈ ತೆಗೆದರು. ಶರಣಮ್ಮ ನನ್ನ ತೋಳು ಚಿವುಟಿದಳು. ಆಗ ಎಚ್ಚೆತ್ತು ಮುಚ್ಚಳ ಎಳೆದೆ. ಬರಲಿಲ್ಲ. ಶಹಾಪುರದಿಂದ ನಾನು ಕುಳಿತು ಬಂದ ಭಾರಕ್ಕೆ ಪೆಟ್ಟಿಗೆ ಬಾಗಿ, ಮುಚ್ಚಳ ಕಚ್ಚಿಕೊಂಡಿತ್ತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಬೀಗರ ಎದುರಿಗೆ ಪೆಟ್ಟಿಗೆ ಕಚ್ಚುತ್ತಾ ನಿಂತ ಮಾವನನ್ನು ಯಾವ ಅಳಿಯನಿಗೂ ದೇವರು ಕೊಡದಿರಲಿ!

ಕೊನೆಗೆ ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ತಗಡು ಕಡಿಯುವ ಚಾಣ, ಸುತ್ತಿಗೆ ತಂದೆ. ಹೊಸ್ತಿಲ ಮೇಲಿಟ್ಟು ಒಂದೇ ಏಟು ಹಾಕಿದೆ. ಕಸುಬಿನ ಕೈ, ಗುರಿ ತಪ್ಪಲಿಲ್ಲ. ಪೆಟ್ಟಿಗೆ ಎರಡಾಯಿತು. ಕಾರ್ಡೂ ಎರಡಾಯಿತು!

ಬಸಣ್ಣನವರು ತಮ್ಮ ಫೋನು ತೆಗೆದು ತಮ್ಮ ಹೆಂಡತಿಯ ಸೀರೆಗೆ ತಾವೇ ಹಣ ಕೊಟ್ಟರು. ನಾನು ಎರಡು ತುಂಡುಗಳನ್ನು ಎರಡು ಕಿಸೆಯಲ್ಲಿಟ್ಟುಕೊಂಡು ಅವರ ಹಿಂದೆ ನಡೆದೆ. ಹೊರಗೆ ಬಂದ ಮೇಲೆ ಅವರು ಮೆಲ್ಲಗೆ ಕೇಳಿದರು.

"ಬೀಗ್ರ, ಮಗಳಿಗಿ ಕೊಡೋ ಟ್ರಂಕು ನೀವಾ ಮಾಡ್ತೀರೇನು?"

ನನ್ನ ಎದೆ ಮತ್ತೆ ಉಬ್ಬಿತು. "ಹೌದ್ರಿ! ನನ್ನ ಕೈಯಾರೆ!"

"ಮುಚ್ಚಳ ಹಚ್ಚಬ್ಯಾಡ್ರಿ. ಪಾಪ, ಅಕಿ ಸೀರಿ ಉಡಬೇಕಲ್ಲ!"

ಟ್ರಂಕು ಈಗ ತಯಾರಾಗಿದೆ. ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸುತ್ತಾ ಕುಳಿತಿದ್ದೇನೆ!